ಅಜ್ಜಿಯ ಡ್ರೆಸ್ಸಿಂಗ್ ಟೇಬಲ್‌ನ ಬೆಳ್ಳಿ ಸೆಟ್: ಕರಗಿಸುವುದಾ, ಇಟ್ಟುಕೊಳ್ಳುವುದಾ?

ಬಿಜೈ ಹಳೇಮನೆ

ಎಲ್ಲರಿಗೂ ನಮಸ್ಕಾರ. ಮನೆ ಖಾಲಿ ಮಾಡುತ್ತಿದ್ದೇವೆ. ಅಜ್ಜಿಯ ಬೀಟೆ ಮರದ ಡ್ರೆಸ್ಸಿಂಗ್ ಟೇಬಲ್‌ನ ಡ್ರಾಯರ್‌ಗಳಲ್ಲಿ ಒಂದು ಬೆಳ್ಳಿ ಸೆಟ್ ಸಿಕ್ಕಿದೆ. ಕೈಗನ್ನಡಿ, ತಲೆ ಬಾಚುವ ಬ್ರಷ್ ಎರಡು, ಬಟ್ಟೆ ಬ್ರಷ್, ಬೆಳ್ಳಿ ಬೆನ್ನಿನ ಬಾಚಣಿಗೆ, ಬೆಳ್ಳಿ ಮುಚ್ಚಳದ ಗಾಜಿನ ಡಬ್ಬಿ ಮೂರು, ಸೆಂಟ್ ಬಾಟಲಿ, ಒಂದು ಟ್ರೇ. ಜೊತೆಗೆ ಬೆಳ್ಳಿ ಹಿಡಿಯ ಒಂದು ಕೊಕ್ಕೆ, ಇಕ್ಕಳದ ಹಾಗಿನ ಇನ್ನೊಂದು ಸಾಮಾನು. ಮೂರು ಡಬ್ಬಿಗಳಲ್ಲಿ ಒಂದರ ಮುಚ್ಚಳದ ನಡುವೆ ಹೆಬ್ಬೆರಳು ಹೋಗುವಷ್ಟು ತೂತು ಉಂಟು. ಅಂಚು ನುಣುಪಾಗಿದೆ, ಹಾಗಾಗಿ ಒಡೆದದ್ದಲ್ಲ. ಎಂತಕ್ಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಜ್ಜಿಯ ಮಾವ ಹಂಚಿನ ವ್ಯಾಪಾರದವರು. ಬೊಂಬಾಯಿಗೆ ಹಡಗಿನಲ್ಲಿ ಹೋಗಿ ಬರುತ್ತಿದ್ದರಂತೆ, ಅಲ್ಲಿಂದ ತಂದದ್ದು ಅಂತ ಅಮ್ಮ ಹೇಳುತ್ತಾರೆ.

ಪರಿಚಯದ ಆಭರಣದ ಅಂಗಡಿಗೆ ಒಯ್ದೆ. "ಒಳಗೆ ಅರಗು ತುಂಬಿದ್ದು, ತಗಡಿನ ತೂಕಕ್ಕೆ ಮಾತ್ರ ದುಡ್ಡು" ಅಂದರು. ಬ್ರಷ್ಷಿನ ಬೆನ್ನು ಕಿತ್ತು ತೋರಿಸುತ್ತೇನೆ ಅಂತ ಹೊರಟಿದ್ದರು, ನಾನೇ ತಡೆದೆ. ಅಮ್ಮ ಕರಗಿಸಿ ಒಂದು ಜೊತೆ ದೀಪ ಮಾಡಿಸು ಅನ್ನುತ್ತಾರೆ. ಅಕ್ಕ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಾಳೆ, ಎಲ್ಲ ತನ್ನ ಜೊತೆ ಒಯ್ಯುತ್ತಾಳಂತೆ. ನಿಮಗೆ ಎಂತ ಕಾಣುತ್ತದೆ?

ಪಡುಬಿದ್ರಿ ಪೊಣ್ಣು

ಕರಗಿಸಬೇಡಿ ಮಾರಾಯ್ರೆ! ಮೊದಲು ಭೂತಗನ್ನಡಿ ಹಿಡಿದು ನೋಡಿ. ಹಿಡಿಯ ಬುಡದಲ್ಲಿ, ಮುಚ್ಚಳದ ಅಂಚಿನಲ್ಲಿ ಸಣ್ಣ ಮುದ್ರೆ ಇರಬೇಕು.

ಕೊಡಿಯಾಲ್ ಗಜಾಲಿ

ಬೆಳ್ಳಿ ಕಿಲೋಗೆ ಲಕ್ಷ ದಾಟಿ ಹೋಗಿದೆ. ಇಂಥ ಕಾಲದಲ್ಲಿ ಯಾರೋ ಬಾಚಿಕೊಂಡ ಹಳೇ ಬ್ರಷ್ ಇಟ್ಟುಕೊಂಡು ಪೂಜೆ ಮಾಡುವುದಾ? ದೀಪ ಮಾಡಿಸಿದರೆ ದಿನಾ ಉಪಯೋಗಕ್ಕೆ ಬರುತ್ತದೆ. ನಿಮ್ಮ ಅಮ್ಮ ಹೇಳಿದ್ದೇ ಸರಿ.

ಬಿಜೈ ಹಳೇಮನೆ

ಮುದ್ರೆ ಉಂಟು. ಬ್ರಷ್, ಕನ್ನಡಿ, ಮುಚ್ಚಳ ಎಲ್ಲದರಲ್ಲೂ ಒಂದೇ ಸಾಲು: ಎರಡು ಇಂಗ್ಲಿಷ್ ಅಕ್ಷರ, ಒಂದು ಲಂಗರು, ನಡೆಯುವ ಸಿಂಹ, ಆಮೇಲೆ ಒಂದು ಸಣ್ಣ ಅಕ್ಷರ. ಸೆಂಟ್ ಬಾಟಲಿಯ ಕತ್ತಿನ ಬೆಳ್ಳಿ ಪಟ್ಟಿಯ ಮೇಲೂ ಅದೇ. ಟ್ರೇಯಲ್ಲಿ ಮಾತ್ರ ಬೇರೆ. ನಾಲ್ಕು ಪುಟ್ಟ ಚೌಕ, ಅದರೊಳಗೆ ಇ, ಪಿ, ಎನ್, ಎಸ್.

ಹಳೇ ಸಾಮಾನು ಉಡುಪಿ

ಟ್ರೇಯನ್ನು ಪಕ್ಕಕ್ಕಿಡಿ. ಅದು ಬೆಳ್ಳಿಯಲ್ಲ. ಆ ನಾಲ್ಕು ಅಕ್ಷರ ಅಂದರೆ ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್. ತಾಮ್ರ, ನಿಕಲ್, ಸತು ಸೇರಿದ ಲೋಹದ ಮೇಲೆ ವಿದ್ಯುತ್ತಿನಿಂದ ತೆಳುವಾಗಿ ಬೆಳ್ಳಿ ಹತ್ತಿಸಿದ್ದು. ನಮ್ಮ ಮದುವೆ ಉಡುಗೊರೆಗಳಲ್ಲಿ ಬರುವ ಜರ್ಮನ್ ಸಿಲ್ವರ್ ಇದೇ ಜಾತಿಯ ಲೋಹ, ಅದರಲ್ಲಿ ಬೆಳ್ಳಿ ಚೂರೂ ಇರುವುದಿಲ್ಲ. ಈ ಲೇಪನದ ಕೆಲಸಕ್ಕೆ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಬಂದ ತಯಾರಕರು ಈ ಅಕ್ಷರಗಳನ್ನು ಬೇಕಂತಲೇ ಚೌಕದೊಳಗೆ, ಗುರಾಣಿಯೊಳಗೆ ಹಾಕಿ, ದೂರದಿಂದ ನೋಡಿದವರಿಗೆ ಹಾಲ್‌ಮಾರ್ಕ್ ಅನ್ನಿಸುವಂತೆ ಮಾಡಿದರು. ವ್ಯಾಪಾರಿ ಬುದ್ಧಿ ಎಲ್ಲ ಕಡೆ ಒಂದೇ, ಅಲ್ವಾ?

ಉಳಿದದ್ದು ಮಾತ್ರ ಅಸಲಿ. ನಡೆಯುವ ಸಿಂಹ ಅಂದರೆ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಗುರುತು, ಅಂದರೆ ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಕಚೇರಿ. ಸಮುದ್ರವೇ ಇಲ್ಲದ ಊರಿಗೆ ಲಂಗರು! ಆ ಕಚೇರಿ, ಶೆಫೀಲ್ಡ್ ಕಚೇರಿ ಎರಡೂ 1773ರಲ್ಲಿ ಶುರುವಾದವು. ಶೆಫೀಲ್ಡಿನದ್ದು ಆಗ ಕಿರೀಟ. ಲಂಡನ್ನಿನದ್ದು ಚಿರತೆಯ ತಲೆ. ಚೆಸ್ಟರ್ ಊರಿನದ್ದು ಮೂರು ಗೋಧಿಯ ಕಟ್ಟು, ಒಂದು ಕತ್ತಿ, ಆ ಕಚೇರಿ 1962ರಲ್ಲಿ ಮುಚ್ಚಿತು. ಎರಡು ಅಕ್ಷರ ತಯಾರಕರ ಹೆಸರಿನದ್ದು. ಕೊನೆಯ ಒಂದೇ ಅಕ್ಷರ ವರ್ಷದ್ದು.

ವರ್ಷದ ಅಕ್ಷರದಲ್ಲಿ ತುಂಬಾ ಜನ ಎಡವುತ್ತಾರೆ. ಅಕ್ಷರಮಾಲೆ ಮುಗಿದ ಮೇಲೆ ಮತ್ತೆ ಎ ಇಂದಲೇ ಶುರು ಮಾಡುತ್ತಿದ್ದರು. ಅಕ್ಷರದ ಶೈಲಿ ಮತ್ತು ಸುತ್ತಲಿನ ಗುರಾಣಿಯ ಆಕಾರ ಮಾತ್ರ ಬೇರೆ. ಒಂದೊಂದು ಕಚೇರಿಗೆ ಒಂದೊಂದು ಪಟ್ಟಿ. ಬರ್ಮಿಂಗ್‌ಹ್ಯಾಮ್‌ನ ಪಟ್ಟಿಯಲ್ಲೇ ಹೋಲಿಸಿ, ಲಂಡನ್ನಿನದ್ದನ್ನು ನೋಡಬೇಡಿ. ಆ ಕಾಲದಲ್ಲಿ ಅಲ್ಲಿ ಅಕ್ಷರ ಬದಲಾಗುತ್ತಿದ್ದದ್ದು ವರ್ಷದ ಮಧ್ಯದಲ್ಲಿ, ಅದಕ್ಕೆ ಒಂದು ಅಕ್ಷರ ಎರಡು ವರ್ಷಗಳಿಗೆ ಹರಡುತ್ತದೆ.

ಇನ್ನೊಂದು. ರಾಜನ ಅಥವಾ ರಾಣಿಯ ತಲೆಯ ಸಣ್ಣ ಮುದ್ರೆ ಉಂಟಾ? 1784ರಿಂದ 1890ರವರೆಗೆ ಬೆಳ್ಳಿಯ ಮೇಲೆ ಸುಂಕ ಇತ್ತು. ಕಟ್ಟಿದ್ದಕ್ಕೆ ಗುರುತಾಗಿ ಆ ತಲೆ ಒತ್ತುತ್ತಿದ್ದರು. ನೀವು ಹೇಳಿದ ಸಾಲಿನಲ್ಲಿ ಅದು ಇಲ್ಲ, ಹಾಗಾದರೆ 1890ರ ನಂತರದ್ದು.

ಪಡುಬಿದ್ರಿ ಪೊಣ್ಣು

ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಕೈಗನ್ನಡಿ ಉಂಟು. ಅದರಲ್ಲೂ ಸಿಂಹ, ಲಂಗರು, ಆಮೇಲೆ ಜಿ ಅಕ್ಷರ. ಕೆಳಗೆ ಸ್ಟರ್ಲಿಂಗ್ ಅಂತ ಇಂಗ್ಲಿಷಿನಲ್ಲಿ ಪೂರ್ತಿ ಬರೆದಿದ್ದಾರೆ. ಇದೂ ಬರ್ಮಿಂಗ್‌ಹ್ಯಾಮ್ ತಾನೇ?

ಹಳೇ ಸಾಮಾನು ಉಡುಪಿ

ಅಲ್ಲ ಅಕ್ಕ, ಅದು ಅಮೆರಿಕದ್ದು. ರೋಡ್ ಐಲೆಂಡ್‌ನ ಗೊರ್ಹಾಮ್ ಕಂಪನಿಯ ಗುರುತು. ಅವರ ಸಿಂಹ ಬಲಕ್ಕೆ ಮುಖ ಮಾಡಿರುತ್ತದೆ, ಇಂಗ್ಲೆಂಡಿನ ಸಿಂಹ ಎಡಕ್ಕೆ ನಡೆಯುತ್ತದೆ. ಜಿ ಅನ್ನುವುದು ವರ್ಷದ ಅಕ್ಷರ ಅಲ್ಲ, ಗೊರ್ಹಾಮ್‌ನ ಜಿ. ಸ್ಟರ್ಲಿಂಗ್ ಅಂತ ಪೂರ್ತಿ ಬರೆದದ್ದು ಕಂಡರೆ ಸಾಮಾನ್ಯವಾಗಿ ಅಮೆರಿಕ ಅಂತ ಯೋಚಿಸಿ. ಅದೂ 925ರ ಬೆಳ್ಳಿಯೇ, ಬೇಸರ ಬೇಡ.

ರಥಬೀದಿ ಅಕ್ಕಸಾಲಿ

ನಾನು ಇದೇ ಕಸುಬಿನವನು. ಅಂಗಡಿಯವರು ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿ ಹೇಳಲೂ ಇಲ್ಲ.

ಈ ಬ್ರಷ್ಷು, ಕನ್ನಡಿ, ಕೊಕ್ಕೆಯ ಹಿಡಿ ಎಲ್ಲ ಗಟ್ಟಿ ಬೆಳ್ಳಿಯಲ್ಲ. ತೆಳು ತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಯಂತ್ರದಲ್ಲಿ ಒತ್ತುತ್ತಾರೆ. ಹೂ, ಬಳ್ಳಿ, ದೇವದೂತರ ಮುಖ ಎಲ್ಲ ಒಂದೇ ಪೆಟ್ಟಿಗೆ ಮೂಡುತ್ತದೆ. ಎರಡು ಅರ್ಧಗಳನ್ನು ಬೆಸೆದು, ಒಳಗೆ ರಾಳವೋ ಪ್ಲಾಸ್ಟರೋ ತುಂಬುತ್ತಾರೆ. ಬ್ರಷ್ಷಿನಲ್ಲಾದರೆ ಒಳಗೆ ಮರ. ತುಂಬದೆ ಬಿಟ್ಟರೆ ಬೆರಳಿನ ಒತ್ತಡಕ್ಕೇ ನೆಗ್ಗಿಹೋಗುತ್ತದೆ. ನಾವು ಚಿನ್ನದ ಟೊಳ್ಳು ಬಳೆಗೆ ಅರಗು ತುಂಬುವುದಿಲ್ಲವಾ, ಅದೇ ಉಪಾಯ. ಮೋಸ ಅಂತ ತಿಳಿಯಬೇಡಿ, ಮಾಡುವ ಕ್ರಮವೇ ಹಾಗೆ.

ಈಗ ಲೆಕ್ಕ ಹಾಕಿ. ಕೈಯಲ್ಲಿ ಹಿಡಿದಾಗ ಕನ್ನಡಿ ಭಾರ ಉಂಟು. ಅದರಲ್ಲಿ ಹೆಚ್ಚಿನದು ಗಾಜು, ರಾಳ, ಮರ. ಅಂಗಡಿಯಲ್ಲಿ ತಗಡು ಸುಲಿದು, ಕರಗಿಸಿ, ಸವೆತ ಕಳೆದು ದುಡ್ಡು ಕೊಡುತ್ತಾರೆ. ಅಷ್ಟರಲ್ಲಿ ಒಂದು ಜೊತೆ ದೀಪ ಆಗುವುದು ಕಷ್ಟ. ಕೈಯಿಂದ ಇನ್ನಷ್ಟು ಬೆಳ್ಳಿ ಹಾಕಬೇಕು, ಮೇಲೆ ಮಜೂರಿ. ಇದ್ದದ್ದೂ ಹೋಯಿತು. ದೀಪ ಬೇಕಾದರೆ ಹೊಸದೇ ಮಾಡಿಸಿ, ಈ ಸೆಟ್ಟನ್ನು ಒಡೆಯಬೇಡಿ.

ನೆಗ್ಗಿದ್ದನ್ನು ಸರಿಮಾಡುತ್ತೇನೆ ಅಂತ ಯಾರಾದರೂ ಹೇಳಿದರೂ ಕೊಡುವ ಮುಂಚೆ ಯೋಚಿಸಿ. ಒಳಗೆ ತುಂಬಿರುವುದರಿಂದ ಹಿಂದಿನಿಂದ ತಟ್ಟಲು ಆಗುವುದಿಲ್ಲ. ಬೆಸುಗೆಯ ಬೆಂಕಿ ತಾಗಿಸಿದರೆ ರಾಳ ಕರಗಿ ಸಂದಿನಿಂದ ಹೊರಗೆ ಬರುತ್ತದೆ. ಸಣ್ಣ ನೆಗ್ಗು ಇರಲಿ ಬಿಡಿ.

ಕೊಡಿಯಾಲ್ ಗಜಾಲಿ

ಅಣ್ಣ, ನೀವೇ ಯಂತ್ರದಲ್ಲಿ ಒತ್ತಿದ್ದು ಅಂದಿರಿ. ಸಾವಿರಗಟ್ಟಲೆ ಮಾಡಿದ ಮಾಲು ಅಂತ ಆಯಿತು. ಮತ್ತೆ ಅದರಲ್ಲಿ ಎಂತ ವಿಶೇಷ? ದೊಡ್ಡ ಮನೆಯ ಹೆಂಗಸರ ಶೋಕಿ, ಅಷ್ಟೇ.

ಹಳೇ ಸಾಮಾನು ಉಡುಪಿ

ಶೋಕಿ ಹೌದು. ಆದರೆ ಶೋಕಿಗೂ ಒಂದು ಹಿನ್ನೆಲೆ ಉಂಟು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

17ನೇ ಶತಮಾನದಲ್ಲಿ ಫ್ರಾನ್ಸ್, ಇಂಗ್ಲೆಂಡಿನ ಅರಮನೆಯ ಹೆಂಗಸರಿಗೆ ಅಲಂಕಾರದ ಮೇಜು ಅಂದರೆ ಒಂದು ಸಣ್ಣ ದರ್ಬಾರು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಲೇ ಬಂದವರನ್ನು ಮಾತಾಡಿಸುತ್ತಿದ್ದರು. ಅದಕ್ಕೇ ಮೇಜಿನ ಮೇಲಿನ ಕನ್ನಡಿ, ಪೆಟ್ಟಿಗೆ, ಕ್ಯಾಂಡಲ್ ಸ್ಟ್ಯಾಂಡ್, ಪೌಡರ್ ಡಬ್ಬಿ ಎಲ್ಲವೂ ಬೆಳ್ಳಿಯದ್ದು, ಚಿನ್ನದ ನೀರು ಕೊಟ್ಟದ್ದು. ಮದುವೆಯಲ್ಲಿ ಕೊಡುವ ದೊಡ್ಡ ಉಡುಗೊರೆಗಳಲ್ಲಿ ಇದೂ ಒಂದು. 1661ರಿಂದ 1677ರ ನಡುವೆ ಪ್ಯಾರಿಸ್ಸಿನಲ್ಲಿ ಮಾಡಿದ ಲೆನಾಕ್ಸ್‌ಲವ್ ಸೆಟ್ ಈಗ ಎಡಿನ್‌ಬರೋದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಉಂಟು. ಅದರ ಫೋಟೋ ಹುಡುಕಿ ನೋಡಿ, ನಮ್ಮ ದೇವಸ್ಥಾನದ ಬೆಳ್ಳಿ ಭಂಡಾರಕ್ಕೆ ಏನೂ ಕಡಿಮೆ ಇಲ್ಲ. ಅಂಥದ್ದನ್ನು ಕೈಯಿಂದ ಒಂದೊಂದಾಗಿ ಮಾಡುತ್ತಿದ್ದರು, ಕೊಳ್ಳುವ ತಾಕತ್ತು ಕೆಲವೇ ಮನೆತನಗಳಿಗೆ ಇತ್ತು.

19ನೇ ಶತಮಾನದ ಕೊನೆಗೆ ಎಲ್ಲ ಬದಲಾಯಿತು. ಅಮೆರಿಕದ ನೆವಾಡಾದಲ್ಲಿ 1859ರಲ್ಲಿ ಕಾಮ್‌ಸ್ಟಾಕ್ ಗಣಿ ಸಿಕ್ಕಿತು, ಬೆಳ್ಳಿ ಹರಿದು ಬಂತು. 1870ರ ದಶಕದಲ್ಲಿ ಜರ್ಮನಿ ಚಿನ್ನದ ನಾಣ್ಯಕ್ಕೆ ಹೋಗಿ ತನ್ನ ಹಳೇ ಬೆಳ್ಳಿಯನ್ನು ಮಾರಿತು. ಬೆಲೆ ಕುಸಿಯಿತು. 1890ರಲ್ಲಿ ಇಂಗ್ಲೆಂಡಿನ ಸುಂಕವೂ ಹೋಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒತ್ತುವ ಯಂತ್ರಗಳು ಮೊದಲೇ ಇದ್ದವು. ಹಾಗಾಗಿ ರಾಣಿಯರ ಮೇಜಿನ ಮೇಲಿದ್ದದ್ದು ವ್ಯಾಪಾರಿಯ ಹೆಂಡತಿಯ ಮೇಜಿಗೂ ಬಂತು. ಆದರೆ ನಮ್ಮವರಿಗೆ ಇದು ಅಷ್ಟೇನೂ ಅಗ್ಗ ಆಗಲಿಲ್ಲ. ನಮ್ಮ ರೂಪಾಯಿಯೇ ಬೆಳ್ಳಿ. 1893ರವರೆಗೆ ಬೆಳ್ಳಿ ಬಿದ್ದರೆ ಪೌಂಡಿನ ಎದುರು ರೂಪಾಯಿಯೂ ಬೀಳುತ್ತಿತ್ತು. ಬಿಜೈಯವರ ಮುತ್ತಜ್ಜ ಇದನ್ನು ತಂದಿದ್ದಾರೆ ಅಂದರೆ ಹಂಚಿನಲ್ಲಿ ಚೆನ್ನಾಗಿ ಸಂಪಾದನೆ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರಿನ ಎಷ್ಟೋ ಮನೆಗಳ ನಸೀಬು ತಿರುಗಿದ್ದು ಎಲ್ಲರಿಗೂ ಗೊತ್ತಿದ್ದದ್ದೇ.

ಸಾವಿರಗಟ್ಟಲೆ ಮಾಡಿದ್ದು ನಿಜ. ಆದರೆ ಗಾಜು ಒಡೆಯುತ್ತದೆ, ಬ್ರಷ್ಷಿನ ಕೂದಲು ಉದುರುತ್ತದೆ, ಪಾಲು ಮಾಡುವಾಗ ಒಬ್ಬೊಬ್ಬರು ಒಂದೊಂದು ಒಯ್ಯುತ್ತಾರೆ. ಒಂದೇ ತಯಾರಕ, ಒಂದೇ ವರ್ಷ, ಒಂದೇ ಚಿತ್ತಾರದ ಪೂರ್ತಿ ಸೆಟ್ ಉಳಿಯುವುದು ಅಪರೂಪ. ಬೆಲೆ ಇರುವುದು ಆ ಒಟ್ಟಿಗೆ ಇರುವುದರಲ್ಲಿ.

ಕಲ್ಯಾಣಪುರದ ಬಾಯಿ

ತೂತಿನ ಡಬ್ಬಿಯ ಗುಟ್ಟು ನಾನು ಹೇಳುತ್ತೇನೆ. ನನ್ನ ಅತ್ತೆಯ ಹತ್ತಿರ ಇತ್ತು. ಅದು ಉದುರಿದ ಕೂದಲು ಹಾಕುವ ಡಬ್ಬಿ, ಹೇರ್ ಟೈಡಿ ಅನ್ನುತ್ತಿದ್ದರು. ತಲೆ ಬಾಚಿದ ಮೇಲೆ ಬ್ರಷ್ಷಿನಲ್ಲಿ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತಿ ಆ ತೂತಿನಿಂದ ಒಳಗೆ ತುರುಕುವುದು. ಬಿಸಾಡುವುದಕ್ಕಲ್ಲ. ಆ ಕಾಲದ ದೊರೆಸಾನಿಯರು ತಲೆಯ ಮೇಲೆ ದೊಡ್ಡ ಗೋಪುರದ ಹಾಗೆ ಕೂದಲು ಎತ್ತಿ ಕಟ್ಟುತ್ತಿದ್ದರಲ್ಲ, ಅದರ ಒಳಗೆ ಇಡಲು ತಮ್ಮದೇ ಕೂದಲಿನ ಉಂಡೆ ಬೇಕು. ಬಣ್ಣ ಸರಿಯಾಗಿ ಹೊಂದುತ್ತದೆ. ನಮ್ಮಲ್ಲಿ ಚವರಿ ಕಟ್ಟುವವರು ಕೂದಲು ಕೂಡಿಡುತ್ತಿದ್ದರು, ಅದೇ ವಿಷಯ. ಅವರಿಗೆ ಬೆಳ್ಳಿ ಮುಚ್ಚಳ, ನಮಗೆ ಹಳೇ ಬಿಸ್ಕತ್ತಿನ ಡಬ್ಬಿ!

ಕೊಕ್ಕೆ ಬೂಟಿನ ಗುಂಡಿ ಹಾಕಲು. ಆಗಿನ ಬೂಟಿಗೆ, ಉದ್ದ ಗ್ಲೌಸಿಗೆ ಸಾಲಾಗಿ ಪುಟ್ಟ ಗುಂಡಿಗಳು, ಬೆರಳಿನಿಂದ ಆಗುವುದಿಲ್ಲ. ಕೊಕ್ಕೆಯನ್ನು ಕಾಜಾದಿಂದ ತೂರಿಸಿ ಗುಂಡಿಯನ್ನು ಎಳೆಯುವುದು. ನಮ್ಮ ಮನೆಯಲ್ಲಿ ಬೂಟು ಯಾರೂ ಹಾಕಲಿಲ್ಲ. ಅತ್ತೆ ಅದನ್ನು ಲಂಗದ ಒಳಗೆ ಹೋದ ಲಾಡಿಯ ತುದಿ ಹುಡುಕಿ ತೆಗೆಯಲು ಇಟ್ಟುಕೊಂಡಿದ್ದರು, ಅದಕ್ಕಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. ಇಕ್ಕಳದ ಹಾಗಿನದ್ದು ಗ್ಲೌಸ್ ಅಗಲ ಮಾಡುವುದು. ಚರ್ಮದ ಗ್ಲೌಸ್ ತೊಳೆದ ಮೇಲೆ ಬೆರಳುಗಳು ಬಿಗಿಯಾಗುತ್ತವೆ. ಮೂತಿಯನ್ನು ಒಳಗೆ ಹಾಕಿ ಹಿಡಿ ಅಮುಕಿದರೆ ಮೂತಿ ತೆರೆದುಕೊಳ್ಳುತ್ತದೆ. ಮಂಗಳೂರಿನ ಸೆಕೆಯಲ್ಲಿ ಚರ್ಮದ ಗ್ಲೌಸು! ಸೆಟ್ಟಿನಲ್ಲಿ ಬಂತು, ಇತ್ತು, ಅಷ್ಟೇ.

ಉಳಿದ ಎರಡು ಡಬ್ಬಿಯಲ್ಲಿ ದೊಡ್ಡದು ಪೌಡರಿಗೆ, ಸಣ್ಣದು ಕೋಲ್ಡ್ ಕ್ರೀಮಿಗೆ ಇರಬೇಕು. ಹ್ಯಾಟ್ ಪಿನ್ ಚುಚ್ಚುವ ಸ್ಟ್ಯಾಂಡ್, ಉಂಗುರ ತೂಗುಹಾಕುವ ಪುಟ್ಟ ಮರ ಇವೂ ಕೆಲವು ಸೆಟ್ಟಿನಲ್ಲಿ ಬರುತ್ತವೆ. ಇನ್ನೊಂದು ಸಲ ಡ್ರಾಯರ್‌ಗಳ ಮೂಲೆಯಲ್ಲಿ ಹುಡುಕಿ.

ಪಡುಬಿದ್ರಿ ಪೊಣ್ಣು

ಬಾಯಮ್ಮ, ಕೂದಲಿನ ಡಬ್ಬಿ ಓದಿ ನಗು ತಡೆಯಲು ಆಗಲಿಲ್ಲ. ನಾವು ಸಣ್ಣವರಿರುವಾಗ ಅದೇ ಕೂದಲನ್ನು ಬೀದಿಗೆ ಬರುವವನಿಗೆ ಕೊಟ್ಟು ಹೇರ್ ಪಿನ್ ತಗೊಳ್ಳುತ್ತಿದ್ದೆವು.

ರಥಬೀದಿ ಅಕ್ಕಸಾಲಿ

ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಬ್ರಷ್ಷಿನ ಬಗ್ಗೆ ಇಷ್ಟು ಬರೆದಿರಿ. ನಮ್ಮ ಶ್ರೀಮಂತ ಮನೆಗಳ ಹೆಂಗಸರ ಹತ್ತಿರ ಇದ್ದ ಬೆಳ್ಳಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಕುಂಕುಮದ ಕರಡಿಗೆ, ಕಾಡಿಗೆ ಡಬ್ಬಿ, ಸುಣ್ಣದ ಡಬ್ಬಿ, ಪನ್ನೀರುದಾನಿ, ಅತ್ತರ್‌ದಾನಿ. ಮಾವಿನ ಕಾಯಿಯ ಆಕಾರದ ಕರಡಿಗೆ, ತಿರುಪಿನ ಮುಚ್ಚಳದ ಕರಡಿಗೆ, ಒಳಗೆ ಪುಟ್ಟ ಕನ್ನಡಿ ಕೂರಿಸಿದ್ದು ಇವೆಲ್ಲ ಕೈಕೆಲಸ, ಗಟ್ಟಿ ತಗಡು. ಮುದ್ರೆ ಇಲ್ಲ, ವರ್ಷ ಇಲ್ಲ, ಮಾಡಿದವನ ಹೆಸರೂ ಇಲ್ಲ. ಅದಕ್ಕೇ ಅಂಗಡಿಗೆ ಬಂದರೆ ಸೀದಾ ಕುಲುಮೆಗೆ. ಹಳೇ ಗುತ್ತಿನ ಮನೆಯ ಸಾಮಾನು ಹೀಗೆ ಕರಗಿ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಆಗ ಅಳತೆ ರೂಪಾಯಿ ತೂಕದಲ್ಲಿ. ಬ್ರಿಟಿಷರ ಒಂದು ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ, 12ರಲ್ಲಿ 11 ಪಾಲು ಬೆಳ್ಳಿ. ಮನೆಯವರು ಎಣಿಸಿ ರೂಪಾಯಿ ಕೊಟ್ಟರೆ ಅಕ್ಕಸಾಲಿ ಅದನ್ನೇ ಕರಗಿಸಿ ಅಷ್ಟೇ ತೂಕದ ಕರಡಿಗೆ ಮಾಡಿಕೊಡುತ್ತಿದ್ದ, ಮಜೂರಿ ಬೇರೆ. ಆದ್ದರಿಂದ ಹಳೇ ಸಾಮಾನಿನ ಟಂಚ, ಅಂದರೆ ಬೆಳ್ಳಿಯ ಶುದ್ಧತೆ, ಒಳ್ಳೆಯದೇ ಇರುತ್ತದೆ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಆಮೇಲಿನ ನಾಣ್ಯ ಕರಗಿಸಿ ಮಾಡಿದ್ದಾದರೆ ಒರೆಗಲ್ಲಿನಲ್ಲೇ ಗೊತ್ತಾಗುತ್ತದೆ.

ಹಳೇ ಸಾಮಾನು ಉಡುಪಿ

ಅಕ್ಕಸಾಲಿಯವರ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಇನ್ನೊಂದು ಸೇರಿಸುತ್ತೇನೆ. ದೊರೆಗಳ ಮೇಜಿಗೆ ನಮ್ಮ ದೇಶದಲ್ಲೇ ಮಾಡಿದ ಬೆಳ್ಳಿಯೂ ಉಂಟು. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯವರು ದೇವತೆಗಳ ಉಬ್ಬುಚಿತ್ರ ಇರುವ ಸಾಮಾನು ಮಾರುತ್ತಿದ್ದರು. ಸ್ವಾಮಿ ಬೆಳ್ಳಿ ಅಂತ ಹೆಸರಾಯಿತು. 1875ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಅದಕ್ಕೆ ಇನ್ನಷ್ಟು ಬೇಡಿಕೆ ಹುಟ್ಟಿತು. ಕಛ್‌ನ ಕೆಲಸದಲ್ಲಿ ಒಂದಿಂಚೂ ಜಾಗ ಬಿಡದೆ ಎಲೆ ಬಳ್ಳಿ, ನಡುವೆ ಪ್ರಾಣಿಗಳು. ಭುಜ್‌ನ ಊಮರ್ಸಿ ಮಾವ್ಜಿ ಅವರ ಮುದ್ರೆ ಇದ್ದರೆ ಸಂಗ್ರಹಕಾರರು ಓಡಿ ಬರುತ್ತಾರೆ. ಇಂಗ್ಲಿಷಿನಲ್ಲಿ ಓ.ಎಂ. ಭುಜ್ ಅಂತ ಒತ್ತಿರುತ್ತದೆ. ಇವುಗಳ ಮೇಲೆ ಸಿಂಹ, ಲಂಗರು ಹುಡುಕಬೇಡಿ. ಭಾರತದಲ್ಲಿ ಆಗ ಅಂಥ ಪರೀಕ್ಷಾ ಕಚೇರಿಯ ಪದ್ಧತಿ ಇರಲಿಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಕೀಳು ಬೆಳ್ಳಿ ಅಲ್ಲ.

ಕೊಡಿಯಾಲ್ ಗಜಾಲಿ

ನಮ್ಮ ಮನೆಯಲ್ಲಿ ಒಂದು ಪೌಡರ್ ಡಬ್ಬಿ ಉಂಟು, 800 ಅಂತ ಬರೆದಿದೆ. ಪಕ್ಕದಲ್ಲಿ ಅರ್ಧಚಂದ್ರ, ಒಂದು ಕಿರೀಟ. ನಾವು ಅದನ್ನು ಗುಂಡಿ ಹಾಕಿಡಲು ಬಳಸುತ್ತೇವೆ. ಸುಮ್ನೆ ಕೇಳಿದೆ.

ಹಳೇ ಸಾಮಾನು ಉಡುಪಿ

ಸುಮ್ನೆ ಕೇಳಿದ್ದು ಒಳ್ಳೆಯದಾಯಿತು! ಅದು ಜರ್ಮನಿಯದ್ದು. ಅರ್ಧಚಂದ್ರ ಮತ್ತು ಕಿರೀಟ 1888ರಿಂದ ಜಾರಿಯಾದ ಗುರುತು. 800 ಅಂದರೆ ಸಾವಿರಕ್ಕೆ 800 ಪಾಲು ಬೆಳ್ಳಿ, ಸ್ಟರ್ಲಿಂಗಿಗಿಂತ ಸ್ವಲ್ಪ ಕಡಿಮೆ. ಗುಂಡಿಗಳನ್ನು ಬೇರೆ ಕಡೆ ಹಾಕಿ ಮಾರಾಯ್ರೆ.

ಮಣಿಪಾಲ ಕೆಮಿಸ್ಟ್ರಿ

ಬಿಜೈಯವರೇ, ಸೆಟ್ ಇಟ್ಟುಕೊಳ್ಳುವುದಾದರೆ ಮೊದಲು ಒಂದು ಎಚ್ಚರಿಕೆ. ಇಂಟರ್ನೆಟ್ಟಿನಲ್ಲಿ ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ವಿಡಿಯೋ ನೋಡಿರುತ್ತೀರಿ. ಗಟ್ಟಿ ಬೆಳ್ಳಿಯ ಚಮಚಕ್ಕೆ ಅದು ನಡೆಯುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದಿಂದ, ಮೇಲೆ ಬೆಳ್ಳಿ ಸಲ್ಫೈಡ್ ಪದರ ಕೂರುತ್ತದೆ. ಅಲ್ಯೂಮಿನಿಯಂ ಆ ಗಂಧಕವನ್ನು ಎಳೆದುಕೊಳ್ಳುತ್ತದೆ. ಆದರೆ ನಿಮ್ಮ ಬ್ರಷ್, ಕನ್ನಡಿ, ಕೊಕ್ಕೆಯನ್ನು ಹಾಗೆ ಮುಳುಗಿಸಿದರೆ ಸತ್ಯಾನಾಶ. ಸಂದಿನಲ್ಲಿ ನೀರು ಹೋಗಿ ಮರ ಉಬ್ಬುತ್ತದೆ, ರಾಳ ಮೆತ್ತಗಾಗುತ್ತದೆ, ಗಾಜಿನ ಹಿಂದಿನ ಲೇಪನ ಹೋಗುತ್ತದೆ. ಚಿತ್ತಾರದ ಕುಳಿಯಲ್ಲಿರುವ ಕಪ್ಪೂ ಹೋಗಿ ಹೂಬಳ್ಳಿ ಚಪ್ಪಟೆಯಾಗಿ ಕಾಣುತ್ತದೆ. ಆ ಕಪ್ಪು ಇದ್ದರೇ ಚೆಂದ. ಅದ್ದಿ ತೆಗೆಯುವ ರೆಡಿಮೇಡ್ ದ್ರಾವಣವೂ ಬೇಡ.

ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ವಿಭೂತಿಯಲ್ಲೂ ಮರಳಿನಂಥ ಕಣ ಇರುತ್ತದೆ. ನುಣುಪಾದ ಚಾಕ್ ಪುಡಿಯನ್ನು ಒಂದೆರಡು ಹನಿ ನೀರಿನಲ್ಲಿ ಕಲಸಿ, ಹತ್ತಿಯಿಂದ ಹಗುರವಾಗಿ ಒರೆಸಿ. ಕುಳಿಗಳಲ್ಲಿ ಬಿಳಿ ಉಳಿಯದಂತೆ ಮೆತ್ತಗಿನ ಬ್ರಷ್ಷಿನಿಂದ ತೆಗೆಯಿರಿ. ಮುದ್ರೆಯ ಮೇಲೆ ಉಜ್ಜಲೇಬೇಡಿ. ಪ್ರತಿ ಸಲ ಉಜ್ಜಿದಾಗಲೂ ಚೂರು ಬೆಳ್ಳಿ ಹೋಗುತ್ತದೆ. ತೆಳು ತಗಡಿನಲ್ಲಿ ಎತ್ತರದ ಜಾಗ ಮೊದಲು ತೂತಾಗುತ್ತದೆ. ದೇವದೂತನ ಮೂಗು ಮೊದಲು ಹೋಗುವುದು, ನೋಡಿರಬಹುದು.

ಬ್ರಷ್ಷಿನ ಕೂದಲು ಸಾಮಾನ್ಯವಾಗಿ ಹಂದಿಯದ್ದು. ಉಗುರು ಬೆಚ್ಚಗಿನ ಸೋಪಿನ ನೀರನ್ನು ತಟ್ಟೆಯಲ್ಲಿ ಹಾಕಿ, ತುದಿ ಮಾತ್ರ ಅದ್ದಿ ಅಲ್ಲಾಡಿಸಿ. ಬೆಳ್ಳಿಗೆ ನೀರು ತಾಗಬಾರದು. ಕೂದಲು ಕೆಳಮುಖವಾಗಿ ನೆರಳಲ್ಲಿ ಒಣಗಿಸಿ.

ನಮ್ಮ ಕರಾವಳಿಯ ದೊಡ್ಡ ಶತ್ರು ಮಳೆಗಾಲ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ, ಮೇಲೆ ಉಪ್ಪಿನ ಗಾಳಿ. ತೇವ ಹೆಚ್ಚಾದಷ್ಟೂ ಕಪ್ಪು ಬೇಗ ಹಿಡಿಯುತ್ತದೆ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಮುಂಡಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಪೇಪರಿನಲ್ಲಿ, ಉಣ್ಣೆಯಲ್ಲಿ ಸುತ್ತಬೇಡಿ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಎಬ್ಬಿಸುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ.

ಸೆಂಟ್ ಬಾಟಲಿಯ ಗಾಜಿನ ಬಿರಡೆ ಅಂಟಿಕೊಂಡಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸಂದಿಗೆ ಬಿಟ್ಟು ಮರುದಿನ ಮೆಲ್ಲಗೆ ಅಲ್ಲಾಡಿಸಿ ನೋಡಿ.

ಬಾಚಣಿಗೆಯ ಹಲ್ಲು ಎಂತದ್ದು?

ಬಿಜೈ ಹಳೇಮನೆ

ಕಂದು ಮತ್ತು ಹಳದಿ ಮಚ್ಚೆ ಇರುವ ಹಲ್ಲು. ಆಮೆಯ ಚಿಪ್ಪು ಅಂತ ಅಮ್ಮ ಹೇಳುತ್ತಾರೆ. ಬಿಸಿ ಸೂಜಿ ಚುಚ್ಚಿ ವಾಸನೆ ನೋಡಬಹುದು ಅಂತ ಎಲ್ಲೋ ಓದಿದ್ದೇನೆ.

ವರ್ಷದ ಅಕ್ಷರವನ್ನು ಬರ್ಮಿಂಗ್‌ಹ್ಯಾಮ್ ಪಟ್ಟಿಯಲ್ಲಿ ಹೋಲಿಸಿದೆ. 1901-02 ಬರುತ್ತದೆ.

ಮಣಿಪಾಲ ಕೆಮಿಸ್ಟ್ರಿ

ಸೂಜಿ ಬೇಡವೇ ಬೇಡ! ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್, ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಕಾಲದಲ್ಲಿ ಆಮೆ ಚಿಪ್ಪಿನ ಬಣ್ಣಕ್ಕೆ ಸೆಲ್ಯುಲಾಯ್ಡ್ ಬಾಚಣಿಗೆ ಧಾರಾಳ ಬರುತ್ತಿತ್ತು. ಬೆರಳಿನಿಂದ ಜೋರಾಗಿ ಉಜ್ಜಿ ಬಿಸಿ ಮಾಡಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಹಳೇ ಸೆಲ್ಯುಲಾಯ್ಡ್ ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ. ಪಕ್ಕದ ಲೋಹವನ್ನೂ ಹಾಳು ಮಾಡುತ್ತದೆ. ಹಾಗಾಗಿ ಬಾಚಣಿಗೆಯನ್ನು ಬೇರೆಯೇ ಇಡಿ, ಗಾಳಿಯಾಡುವ ಜಾಗದಲ್ಲಿ.

ಕುಂದಾಪುರ ವಕೀಲ

ಅಕ್ಕ ಅಮೆರಿಕಕ್ಕೆ ಒಯ್ಯುವ ಮಾತು ಬಂತಲ್ಲ, ಅಲ್ಲಿಗೆ ಬರುತ್ತೇನೆ.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಶಲ ವಸ್ತುಗಳು ಪುರಾತನ ವಸ್ತು ಅನ್ನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಒಯ್ಯಬಹುದು. ವಿದೇಶದಲ್ಲಿ ಮಾಡಿ ಇಲ್ಲಿಗೆ ತಂದದ್ದು ಅಂತ ವಾದ ಮಾಡಿ ವಿಮಾನ ನಿಲ್ದಾಣದಲ್ಲಿ ಗೆಲ್ಲುತ್ತೇನೆ ಅಂದುಕೊಳ್ಳಬೇಡಿ. ನಿಮ್ಮದು 1901-02. ಸಂಶಯ ಇದ್ದರೆ ಮೊದಲೇ ಭಾರತೀಯ ಪುರಾತತ್ವ ಇಲಾಖೆಯ ಹತ್ತಿರ ಪರೀಕ್ಷೆ ಮಾಡಿಸಬೇಕು. ಪುರಾತನ ವಸ್ತು ಅಲ್ಲ ಅಂತ ಅವರು ಪತ್ರ ಕೊಟ್ಟರೆ ಮಾತ್ರ ಒಯ್ಯಬಹುದು. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಸುತ್ತಿ ಒಯ್ಯುವ ಯೋಚನೆ ಬಿಡಿ.

ಬಾಚಣಿಗೆ ನಿಜವಾಗಿ ಆಮೆ ಚಿಪ್ಪಿನದ್ದಾದರೆ ಇನ್ನೂ ಗಂಭೀರ. ಬಾಚಣಿಗೆಗೆ ಬಳಸುತ್ತಿದ್ದದ್ದು ಹಾಕ್ಸ್‌ಬಿಲ್ ಅನ್ನುವ ಕಡಲಾಮೆ. ಅದು ನಮ್ಮ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿದೆ, ಅಂತರರಾಷ್ಟ್ರೀಯ ಒಪ್ಪಂದದಲ್ಲೂ ವ್ಯಾಪಾರ ನಿಷೇಧ. ಆನೆ ದಂತದ ಹಿಡಿ ಇದ್ದರೂ ಅದೇ ಕತೆ. ಮಾರಬೇಡಿ, ಆನ್‌ಲೈನಿನಲ್ಲಿ ಹಾಕಬೇಡಿ, ಊರು ದಾಟಿಸಬೇಡಿ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಕೊಡಿಯಾಲ್ ಗಜಾಲಿ

ನೋಡಿ, ಇದಕ್ಕೇ ನಾನು ಕರಗಿಸಿ ಅಂದದ್ದು. ಇಟ್ಟುಕೊಂಡರೆ ಪುರಾತತ್ವ, ಅರಣ್ಯ, ಕೆಮಿಸ್ಟ್ರಿ ಎಲ್ಲ ಮನೆಗೆ ಬರುತ್ತವೆ!

ತಮಾಷೆ ಬಿಡಿ. ನಿಮ್ಮದೇ ಬಿಜೈಯಲ್ಲಿ ಶ್ರೀಮಂತಿ ಬಾಯಿ ಮ್ಯೂಸಿಯಂ ಉಂಟಲ್ಲ. ಕರ್ನಲ್ ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆ ಕೊಟ್ಟ ಮನೆ, 1960ರಿಂದ ಮ್ಯೂಸಿಯಂ ಆಗಿ ನಡೆಯುತ್ತಿದೆ. ಅಲ್ಲಿ ವಿಚಾರಿಸಬಹುದಲ್ಲ?

ಕಲ್ಯಾಣಪುರದ ಬಾಯಿ

ವಿಚಾರಿಸಲಿ, ತಪ್ಪೇನಿಲ್ಲ. ಆದರೆ ನನ್ನ ಅಭಿಪ್ರಾಯ ಬೇರೆ. ಇಂಥ ಸಾಮಾನು ಮನೆಯಲ್ಲಿ ಕೈಯಾಡಬೇಕು. ಪೌಡರ್ ಡಬ್ಬಿಯಲ್ಲಿ ಪೌಡರ್ ಹಾಕಿ. ತೂತಿನ ಡಬ್ಬಿಯಲ್ಲಿ ಹತ್ತಿ ಉಂಡೆ ಹಾಕಿದರೆ ಒಂದೊಂದೇ ಎಳೆದು ತೆಗೆಯಬಹುದು, ನನ್ನ ಸೊಸೆ ಹಾಗೇ ಮಾಡುತ್ತಾಳೆ. ಅಕ್ಕನಿಗೆ ಬೇಸರ ಆಗದ ಹಾಗೆ ಊರಿಗೆ ಬಂದಾಗ ಬಳಸಲಿ. ಅವಳಿಗೆ ಒಂದು ಬ್ರಷ್, ನಿಮಗೆ ಕನ್ನಡಿ ಅಂತ ಪಾಲು ಮಾತ್ರ ಮಾಡಬೇಡಿ.

ಬಿಜೈ ಹಳೇಮನೆ

ಉಜ್ಜಿ ಮೂಸಿದೆ, ಕರ್ಪೂರದ ವಾಸನೆ ಸ್ಪಷ್ಟವಾಗಿ ಬಂತು. ಹಾಗಾದರೆ ಸೆಲ್ಯುಲಾಯ್ಡ್, ದೊಡ್ಡ ತಲೆನೋವು ತಪ್ಪಿತು. ಅಮ್ಮನಿಗೆ ಅಕ್ಕಸಾಲಿಯವರು ಬರೆದದ್ದನ್ನು ಓದಿ ಹೇಳಿದೆ. ದೀಪಕ್ಕೆ ಬೇರೆ ಬೆಳ್ಳಿ ತಗೊಳ್ಳುವುದು ಅಂತಾಯಿತು. ಅಕ್ಕ ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ.

ಒಂದು ಕೊನೆಯ ಪ್ರಶ್ನೆ. ಕೈಗನ್ನಡಿಯ ಅಂಚಿನಲ್ಲಿ ಕಪ್ಪು ಚುಕ್ಕೆ ಬಂದಿದೆ, ಮುಖ ಮಸುಕಾಗಿ ಕಾಣುತ್ತದೆ. ಹಂಪನಕಟ್ಟೆಯ ಕಡೆ ಗಾಜು ಕತ್ತರಿಸುವವರ ಹತ್ತಿರ ಹೊಸ ಗಾಜು ಹಾಕಿಸಬಹುದಾ? ಒಂದು ಬ್ರಷ್ಷಿನ ಕೂದಲೂ ಅರ್ಧ ಹೋಗಿದೆ.

ರಥಬೀದಿ ಅಕ್ಕಸಾಲಿ

ಗಾಜು ತೆಗೆಯಬೇಡಿ. ಆ ಗಾಜಿನ ಅಂಚನ್ನು ಓರೆಯಾಗಿ ಉಜ್ಜಿರುತ್ತಾರೆ, ಸುತ್ತ ಬೆಳ್ಳಿಯ ಅಂಚನ್ನು ಮಡಚಿ ಹಿಡಿಸಿರುತ್ತಾರೆ. ಗಾಜು ತೆಗೆಯಬೇಕಾದರೆ ಆ ಮಡಿಕೆ ಎತ್ತಬೇಕು. ನೂರು ವರ್ಷದ ತೆಳು ತಗಡು, ಅಲ್ಲೇ ಸೀಳುತ್ತದೆ. ಚುಕ್ಕೆ ಬಂದದ್ದು ಹಿಂದಿನ ಬೆಳ್ಳಿ ಲೇಪನಕ್ಕೆ ತೇವ ತಾಗಿ. ಒಣ ಜಾಗದಲ್ಲಿಟ್ಟರೆ ಬೇಗ ಹರಡುವುದಿಲ್ಲ. ಮುಖ ನೋಡಲು ಬೇರೆ ಕನ್ನಡಿ ಇದ್ದೇ ಇದೆಯಲ್ಲ.

ಬ್ರಷ್ಷಿನದ್ದು ಬೇರೆ ವಿಷಯ. ಕೂದಲು ನೆಟ್ಟ ಮರದ ಹಲಗೆಯನ್ನು ಬೆಳ್ಳಿ ಬೆನ್ನಿನೊಳಗೆ ಕೂರಿಸಿರುತ್ತಾರೆ. ಗೊತ್ತಿರುವವರು ಹಲಗೆ ಮಾತ್ರ ತೆಗೆದು ಹೊಸ ಕೂದಲು ನೆಡಬಹುದು. ಇಂಗ್ಲೆಂಡಿನಲ್ಲಿ ಆ ಕೆಲಸ ಮಾಡುವವರಿದ್ದಾರೆ, ಆದರೆ ವಕೀಲರು ಹೇಳಿದ ಕಾರಣಕ್ಕೆ ಅಲ್ಲಿಗೆ ಕಳಿಸುವ ಹಾಗಿಲ್ಲ. ಇಲ್ಲಿ ಸಿಕ್ಕಸಿಕ್ಕವರ ಕೈಗೆ ಕೊಡಬೇಡಿ, ಪ್ಲಾಸ್ಟಿಕ್ ಕೂದಲು ಹಾಕಿ ಫೆವಿಕಾಲ್ ಬಳಿದು ಕೊಡುತ್ತಾರೆ. ಉಳಿದ ಕೂದಲಿನ ಜೊತೆ ಹಾಗೇ ಇರಲಿ. ರಥಬೀದಿ ಕಡೆ ಬಂದಾಗ ಒಮ್ಮೆ ತನ್ನಿ, ಬೆನ್ನಿನ ಮಡಿಕೆ ಎಲ್ಲಾದರೂ ಸಡಿಲ ಆಗಿದ್ದರೆ ಬೆಂಕಿ ಇಲ್ಲದೆ ಮರದ ಕಡ್ಡಿಯಿಂದ ಒತ್ತಿ ಕೂರಿಸಿ ಕೊಡುತ್ತೇನೆ.